ಮೈಕಿನಲ್ಲಿ ಆಡಿದ ಮಾತು

ವೇದಿಕೆಯ ನಡುವಿನ ದೊಡ್ಡ ಕುರ್ಚಿಯಲ್ಲಿರುವ ಅಧ್ಯಕ್ಷರೇ, ಅವರ ಬಲಕ್ಕೆ ಕುಳಿತಿರುವ ಮುಖ್ಯ ಅತಿಥಿಗಳೇ, ಎಡಕ್ಕೆ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ಹೆಡ್‌ಮಾಸ್ಟರೇ, ಇಂದು ನಿವೃತ್ತಿಯಾಗುತ್ತಿರುವ ಜೀವಶಾಸ್ತ್ರದ ಟೀಚರೇ, ಅಂದರೆ ನಮ್ಮ ಅಕ್ಕನೇ, ನಾನು ಹೊಲಿದದ್ದನ್ನು ಹಾಕಿಕೊಂಡು ಬಂದಿರುವ ಅರ್ಧ ಸಭೆಯೇ, ರೆಡಿಮೇಡ್ ಹಾಕಿಕೊಂಡು ಬಂದಿರುವ ಇನ್ನರ್ಧವೇ, ಒಟ್ಟಿನಲ್ಲಿ ಎಲ್ಲ ಸಭಿಕರೇ,

ನಾನು ದರ್ಜಿ. ಈ ಶಾಲೆಯ ಹಿಂದಿನ ಗೇಟಿನಿಂದ ಹೊರಬಿದ್ದು ರಸ್ತೆ ದಾಟಿದರೆ ಸಿಗುವ, ಬಾಗಿಲಲ್ಲಿ ಸದಾ ಒಂದು ಮಕ್ಕಳ ಕೋಟು ತೂಗಾಡುವ ಅಂಗಡಿ ನನ್ನದು. ಅಳತೆ ತೆಗೆಯುವಾಗ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುತ್ತೇನೆ, ಹಾಗಾಗಿ ಮಾತಾಡುವ ಅಭ್ಯಾಸ ಕಡಿಮೆ. ಇಂಥವನನ್ನು ಇಂಥ ಸಭೆಯಲ್ಲಿ ಮಾತಾಡಲು ಕರೆದದ್ದೇಕೆ? ಹೆಡ್‌ಮಾಸ್ಟರು ಅಕ್ಕನನ್ನು, ಬೀಳ್ಕೊಡುಗೆಗೆ ನಿಮಗೇನು ಬೇಕು, ಗೋಡೆ ಗಡಿಯಾರವೋ, ಟೇಬಲ್ ಲ್ಯಾಂಪೋ ಎಂದು ಕೇಳಿದರಂತೆ. ಅಕ್ಕ ಎರಡೂ ಬೇಡವೆಂದಳಂತೆ. ನಮ್ಮ ಅಪ್ಪ ಅಮ್ಮನಿಗೆ ಮುಂದಿನ ಸಾಲಿನಲ್ಲಿ ಎರಡು ಕುರ್ಚಿ, ನನ್ನ ತಮ್ಮನಿಗೆ ಸ್ವಲ್ಪ ಹೊತ್ತು ಮೈಕು, ಅಷ್ಟು ಸಾಕು ಎಂದಳಂತೆ. ಕುರ್ಚಿಗೂ ಮೈಕಿಗೂ ಖರ್ಚಿಲ್ಲವಾದ್ದರಿಂದ ಶಾಲೆಯವರು ಸಂತೋಷದಿಂದ ಒಪ್ಪಿಕೊಂಡರು.

ಅಕ್ಕ ಎಂದಳು ಎಂದೆ. ಸಭೆಯಲ್ಲಿ ಎಂದರು ಅನ್ನಬೇಕು. ಮನೆಯಲ್ಲಿ ಅಭ್ಯಾಸ ಮಾಡಿಕೊಂಡೇ ಬಂದಿದ್ದೆ. ಆದರೆ ಚಿಕ್ಕಂದಿನಲ್ಲಿ ನನ್ನ ಕೂದಲು ಹಿಡಿದು ಮನೆ ತುಂಬ ಎಳೆದಾಡಿದವಳಿಗೆ ಬಹುವಚನ ಹಾಕಲು ಹೋದರೆ ನಾಲಿಗೆ ತೊಡರುತ್ತದೆ. ತಾವೆಲ್ಲ ದೊಡ್ಡ ಮನಸ್ಸು ಮಾಡಬೇಕು.

ಅಕ್ಕನಿಗೆ ಈ ಶಾಲೆಯಲ್ಲಿ ಇನ್ನೊಂದು ಹೆಸರಿದೆ. ಗಾಬರಿಯಾಗಬೇಡಿ, ಅದು ಅವಳಿಗೂ ಗೊತ್ತು. ಬಟಾಣಿ ಟೀಚರ್. ಅನುವಂಶೀಯತೆಯ ಪಾಠ ಬಂದಾಗಲೆಲ್ಲ ಒಂದು ಚೀಲ ಬಟಾಣಿ ತಂದು ಮೇಜಿನ ಮೇಲೆ ಸುರಿದು, ನುಣುಪಾದದ್ದು ಯಾವುದು, ಸುಕ್ಕಾದದ್ದು ಯಾವುದು, ಆರಿಸಿ ಎನ್ನುತ್ತಿದ್ದಳು. ಪಾಠ ಮುಗಿಯುವ ಹೊತ್ತಿಗೆ ನುಣುಪಾದದ್ದೂ ಸುಕ್ಕಾದದ್ದೂ ಹಿಂದಿನ ಬೆಂಚಿನವರ ಹೊಟ್ಟೆ ಸೇರಿರುತ್ತಿತ್ತು. ಆ ಹಿಂದಿನ ಬೆಂಚಿನವರಲ್ಲಿ ಒಬ್ಬರು ಇಂದು ವೇದಿಕೆಯ ಮೇಲೇ ಇದ್ದಾರೆ. ಯಾರೆಂದು ಹೇಳುವುದಿಲ್ಲ. ಅವರ ಕೋಟು ನಾನೇ ಹೊಲಿದದ್ದು.

ಬಟಾಣಿಯ ಮಾತು ಹಾಗಿರಲಿ. ಈ ಶಾಲೆಯ ಲ್ಯಾಬಿನ ಬೀರುವಿನಲ್ಲಿ ಬಟ್ಟೆಯ ವರ್ಣತಂತುಗಳಿವೆ. ಇಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಅವನ್ನು ಕೈಯಲ್ಲಿ ಹಿಡಿಯದವರು ಯಾರಿದ್ದೀರಿ? ಅವನ್ನು ಒಬ್ಬರ ಮೇಲೊಬ್ಬರು ಎಸೆದಾಡದವರು ಯಾರಿದ್ದೀರಿ? ಅವನ್ನು ಹೊಲಿದವನು ನಾನು. ಅಕ್ಕ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಂಜೆ ಅಂಗಡಿಗೆ ಬಂದು, "ಯೂನಿಫಾರ್ಮ್ ಚಿಂದಿ ಇದೆಯೇನೋ? ಕೆಂಪು ಒಂದಷ್ಟು, ನೀಲಿ ಒಂದಷ್ಟು ಬೇಕಿತ್ತು" ಎಂದಳು.

"ಏನಕ್ಕೆ?"

"ಮಿಯಾಸಿಸ್ ಮಾಡೋಕೆ."

ಯಾವುದೋ ಹೊಸ ಮಾದರಿಯ ಉಡುಪಿರಬೇಕು ಎಂದುಕೊಂಡು ನಾನು, ಕಾಲರು ಬೇಕಾ, ಬೇಡವಾ ಎಂದು ಕೇಳಿದೆ.

ಅಕ್ಕ ಸ್ಟೂಲಿನ ಮೇಲೆ ಕುಳಿತು ವಿವರಿಸಿದಳು. ನಮ್ಮ ಮೈಯ ಜೀವಕೋಶದೊಳಗೆ ವರ್ಣತಂತುಗಳೆಂಬ ಎಳೆಗಳಿವೆ. ನಮ್ಮ ಬಣ್ಣ, ಎತ್ತರ, ಮೂಗಿನ ಆಕಾರ ಇವುಗಳ ವಿಚಾರವೆಲ್ಲ ಅವುಗಳಲ್ಲಿ ಬರೆದಿರುತ್ತದೆ. ಅವು ಜೋಡಿ ಜೋಡಿಯಾಗಿರುತ್ತವೆ, ಇಪ್ಪತ್ತಮೂರು ಜೋಡಿ. ಪ್ರತಿ ಜೋಡಿಯಲ್ಲೂ ಒಂದು ತಾಯಿ ಕೊಟ್ಟದ್ದು, ಒಂದು ತಂದೆ ಕೊಟ್ಟದ್ದು. ತಾಯಿಯದು ಕೆಂಪು ಬಟ್ಟೆಯಲ್ಲಿರಲಿ, ತಂದೆಯದು ನೀಲಿಯಲ್ಲಿರಲಿ. ನಾನು ಮಗುವಿನ ತೋಳಿನ ಹಾಗೆ ಉದ್ದಕ್ಕೆ ಕೊಳವೆ ಹೊಲಿದು, ಒಳಗೆ ಕೋಟಿನ ಭುಜಕ್ಕೆ ತುಂಬುವ ಹತ್ತಿ ತುಂಬಿದೆ. ಬಹಳ ಚೆನ್ನಾಗಿ ಬಂದವು. ಕೊನೆಗೆ ಕೆಂಪನ್ನೆಲ್ಲ ಒಂದು ಪಟ್ಟಿಗೆ, ನೀಲಿಯನ್ನೆಲ್ಲ ಇನ್ನೊಂದು ಪಟ್ಟಿಗೆ ಸೇರಿಸಿ, ಎರಡೆರಡು ಸಲ ಹೊಲಿಗೆ ಹಾಕಿ, ಇಸ್ತ್ರಿ ಮಾಡಿ ಕೊಟ್ಟೆ.

ಅಕ್ಕ ನೋಡಿ ಹಣೆ ಚಚ್ಚಿಕೊಂಡಳು. "ಏನೋ ಇದು?"

"ಸೆಟ್ಟು ಅಕ್ಕ. ಕೋಟು, ಪ್ಯಾಂಟು, ವೇಸ್ಟ್‌ಕೋಟು ಒಟ್ಟಿಗೇ ಇರಬೇಕಲ್ಲ? ಅಮ್ಮಂದೆಲ್ಲ ಒಂದು ಕಡೆ, ಅಪ್ಪಂದೆಲ್ಲ ಒಂದು ಕಡೆ."

"ಇಲ್ಲಿ ಸೆಟ್ಟು ಅನ್ನೋದೇ ಇಲ್ಲ ಕಣೋ. ಬಿಚ್ಚು ಎಲ್ಲಾ."

ಬಿಚ್ಚಿದೆ. ಹೊಲಿಯುವುದಕ್ಕಿಂತ ಬಿಚ್ಚುವುದು ಕಷ್ಟ ಎಂದು ನಮ್ಮ ಕಸುಬಿನವರಿಗೆ ಗೊತ್ತು. ನಾನು ಬಿಚ್ಚುತ್ತಿದ್ದರೆ ಅಕ್ಕ ಹೇಳುತ್ತಿದ್ದಳು. ಮಗು ಹುಟ್ಟಬೇಕಾದರೆ ತಾಯಿಯಿಂದ ಅರ್ಧ, ತಂದೆಯಿಂದ ಅರ್ಧ ಬರಬೇಕು. ಆ ಅರ್ಧವನ್ನು ತಯಾರಿಸುವ ಕೆಲಸಕ್ಕೆ ಮಿಯಾಸಿಸ್ ಎಂದು ಹೆಸರು. ಅರ್ಧ ಎಂದರೆ ಸುಮ್ಮನೆ ನಡುವೆ ಕತ್ತರಿ ಹಾಕುವುದಲ್ಲ. ಮೊದಲು ಪ್ರತಿ ಜೋಡಿಯ ಎರಡೂ ಎಳೆಗಳು ಪಕ್ಕಕ್ಕೆ ಬಂದು ಒಂದನ್ನೊಂದು ತಬ್ಬಿಕೊಳ್ಳುತ್ತವೆ. ತಬ್ಬಿಕೊಂಡಲ್ಲೇ ಕೆಂಪಿನ ಒಂದು ತುಂಡು ನೀಲಿಗೆ, ನೀಲಿಯ ಅಷ್ಟೇ ತುಂಡು ಕೆಂಪಿಗೆ ಅದಲುಬದಲಾಗುತ್ತದೆ. ಅದಕ್ಕಾಗಿಯೇ ಅಕ್ಕ ಎಲ್ಲದಕ್ಕೂ ಅಲ್ಲಲ್ಲಿ ಟಿಚ್ ಬಟನ್ ಹಾಕಿಸಿದಳು, ತುಂಡು ತೆಗೆದು ಇನ್ನೊಂದಕ್ಕೆ ಸೇರಿಸಲು. ಆಮೇಲೆ ಜೋಡಿಗಳು ಸಾಲಾಗಿ ನಿಂತು, ಒಂದು ಈ ಕಡೆ, ಒಂದು ಆ ಕಡೆ ಹೋಗುತ್ತವೆ. ಯಾವುದು ಯಾವ ಕಡೆ? ಹೇಳುವವರಿಲ್ಲ, ಕೇಳುವವರಿಲ್ಲ. ಮೊದಲನೇ ಜೋಡಿಯ ಕೆಂಪು ಎಡಕ್ಕೆ ಹೋಯಿತೆಂದು ಎರಡನೇ ಜೋಡಿಯ ಕೆಂಪೂ ಎಡಕ್ಕೇ ಹೋಗಬೇಕೆಂದಿಲ್ಲ. ಬರೀ ಈ ಎಡಬಲದ ಆಟದಿಂದಲೇ ಒಬ್ಬ ಮನುಷ್ಯನಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು ಬಗೆಯ ಅರ್ಧಗಳು ಆಗಬಹುದಂತೆ. ತುಂಡುಗಳ ಅದಲುಬದಲೂ ಸೇರಿದರೆ ಲೆಕ್ಕವೇ ಸಿಗುವುದಿಲ್ಲವಂತೆ. ಅಂಥ ಒಂದು ಅರ್ಧಕ್ಕೆ ಅಂಥ ಇನ್ನೊಂದು ಅರ್ಧ ಸೇರಿ ನಾವು. ತದ್ರೂಪಿ ಅವಳಿಗಳ ಮಾತು ಬೇರೆ. ಉಳಿದಂತೆ ಒಂದೇ ತಂದೆ ತಾಯಿಗೆ ಇನ್ನೊಂದು ನಾವು ಹುಟ್ಟುವುದಿಲ್ಲ. ನೋಡಿ ಸಭಿಕರೇ, ಪಕ್ಕದ ಕುರ್ಚಿಯಲ್ಲಿರುವ ನಿಮ್ಮ ತಮ್ಮನ ಮೇಲೆ ನಿಮಗೆಷ್ಟೇ ಬೇಜಾರಿದ್ದರೂ, ಅಂಥವನು ಇನ್ನೊಬ್ಬ ಬರುವುದಿಲ್ಲ ಎಂಬ ಸಮಾಧಾನವಿದೆ.

ಈಗ ಒಂದು ಪ್ರಶ್ನೆ. ನಾನೇಕೆ ಕೆಂಪು ನೀಲಿಯನ್ನು ಬೇರೆ ಬೇರೆ ಸೆಟ್ಟು ಮಾಡಿ ಹೊಲಿದೆ? ದರ್ಜಿಯ ಬುದ್ಧಿ ಎಂದು ಅವತ್ತು ನಕ್ಕುಬಿಟ್ಟೆವು. ನಿಜ ಅದಲ್ಲ. ನಮ್ಮ ಮನೆಯಲ್ಲಿ ಹಾಗೇ ಇತ್ತು. ಅಪ್ಪನದೆಲ್ಲ ಒಂದು ಕಡೆ, ಅಂದರೆ ಅಕ್ಕನ ಕಡೆ. ಅದೇ ದಪ್ಪ ಹುಬ್ಬು, ಅದೇ ಎಣ್ಣೆಗಪ್ಪು ಬಣ್ಣ, ಅದೇ ಚೌಕ ಗಲ್ಲ, ಸಿಟ್ಟು ಬಂದಾಗ ಮೂಗಿನ ಹೊಳ್ಳೆ ಅರಳುವುದೂ ಅದೇ. ನಾನೋ, ಕೆಂಚು ಕೂದಲು, ಬೆಕ್ಕಿನ ಕಣ್ಣು. ಅಪ್ಪನ ಹಾಗಿರಲಿಲ್ಲ, ಅಮ್ಮನ ಹಾಗೂ ಇರಲಿಲ್ಲ. ಮನೆಯಲ್ಲಿ ನನ್ನನ್ನು ಕರೆಯುತ್ತಿದ್ದದ್ದೇ ಕೆಂಚ ಎಂದು. ಕೂದಲು ನೆರೆತ ಮೇಲೆ ಆ ಹೆಸರು ತಾನೇ ಉದುರಿಹೋಯಿತು.

ನಮ್ಮ ಅಪ್ಪ ಎರಕದ ಕಾರ್ಖಾನೆಯಲ್ಲಿ ಅಚ್ಚು ಕಟ್ಟುವವರು. ಪಂಪಿನ ಭಾಗಗಳ ಕೆಲಸ. ಮರದಲ್ಲಿ ಕೆತ್ತಿದ ಒಂದು ಮಾದರಿ ಇರುತ್ತದೆ. ಅದನ್ನು ಒದ್ದೆ ಮರಳಿನಲ್ಲಿ ಒತ್ತಿ, ಮೆಲ್ಲಗೆ ಎತ್ತಿ, ಆ ಕುಳಿಗೆ ಕರಗಿದ ಲೋಹ ಹೊಯ್ಯಬೇಕು. ಆರಿದ ಮೇಲೆ ಅಪ್ಪ ಒಂದೊಂದನ್ನೂ ಎತ್ತಿ, ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ನೋಡುತ್ತಿದ್ದರು. ಒಂದು ಕೂದಲೆಳೆ ವ್ಯತ್ಯಾಸವಿದ್ದರೂ ಪಕ್ಕಕ್ಕೆ ಎಸೆಯುತ್ತಿದ್ದರು. ಅವರದು ಒಂದೇ ಮಾತು. "ಮಾದರಿ ಒಂದೇ ಇದ್ದರೆ ಮಾಲು ಎರಡು ಥರ ಬರಲ್ಲ. ಬಂತು ಅಂದ್ರೆ ಯಾರೋ ಅಚ್ಚಿಗೆ ಕೈ ಹಾಕಿದ್ದಾರೆ ಅಂತ." ಕಾರ್ಖಾನೆಯಲ್ಲಿ ಈ ಮಾತು ನೂರಕ್ಕೆ ನೂರು ಸರಿ. ಅವರ ಅಚ್ಚಿನಿಂದ ಬಂದ ಪಂಪುಗಳು ಇವತ್ತಿಗೂ ನೀರೆತ್ತುತ್ತಿವೆ. ಆದರೆ ಮನುಷ್ಯ ಕಸುಬನ್ನು ಕಾರ್ಖಾನೆಯಲ್ಲಿ ಬಿಟ್ಟು ಬರುತ್ತಾನೆಯೇ? ನಾನೇ ರಸ್ತೆಯಲ್ಲಿ ಹೋಗುವವರ ಮುಖ ನೋಡುವ ಮೊದಲು ಕಾಲರು ನೋಡುತ್ತೇನೆ.

ಹೆಡ್‌ಮಾಸ್ಟರು ಚೀಟಿ ಕಳಿಸಿದ್ದಾರೆ. "ಇನ್ನೆರಡು ನಿಮಿಷ" ಎಂದಿದೆ. ಸಾರ್, ನಾನು ಎರಡು ದಿನ ಎಂದರೆ ಬಟ್ಟೆ ಒಂದು ವಾರಕ್ಕೆ ಸಿಗುತ್ತದೆ ಎಂದು ನಿಮಗೆ ಗೊತ್ತಿದೆ.

ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಆ ಕಾರ್ಖಾನೆಯ ವಾರ್ಷಿಕೋತ್ಸವ ನಡೆಯಿತು. ಇಂಥದ್ದೇ ಸಭಾಂಗಣ, ಇಂಥದ್ದೇ ಕೀರಲು ಮೈಕು. ಆ ವರ್ಷದ ಒಳ್ಳೆಯ ಕೆಲಸಗಾರ ಎಂದು ಅಪ್ಪನಿಗೆ ಬಹುಮಾನ. ಮನೆಯವರೆಲ್ಲ ವೇದಿಕೆಯ ಹತ್ತಿರ ಬರಬೇಕೆಂದು ಕರೆದರು, ಹೋದೆವು. ಮ್ಯಾನೇಜರು ಅಕ್ಕನನ್ನು ನೋಡಿದರು, ಅಪ್ಪನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಮೇಸ್ತ್ರಿ, ಮಗಳು ನಿಮ್ಮದೇ ಅಚ್ಚು. ಇವನು?" ಎಂದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅಪ್ಪನ ಕೈಯಲ್ಲಿ ಮೈಕಿತ್ತು. ಜೀವಮಾನದಲ್ಲಿ ಮೊದಲ ಸಲ ಮೈಕು ಹಿಡಿದ ಮನುಷ್ಯ. ಏನಾದರೂ ಹೇಳಬೇಕಲ್ಲ. "ಮಗಳು ನಮ್ಮ ಎರಕ ಸಾರ್. ಮಗ ಹೊರಗಿನ ಮಾಲು" ಎಂದರು.

ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಎಲ್ಲರೂ ನಗುವಾಗ ಆ ವಯಸ್ಸಿನ ಹುಡುಗ ಇನ್ನೇನು ಮಾಡುತ್ತಾನೆ? ಅಮ್ಮ ನಗಲಿಲ್ಲ. ನನ್ನ ಕೈ ಹಿಡಿದು, ಕುರ್ಚಿಗಳ ಸಾಲಿನ ನಡುವೆ, ಅಷ್ಟೂ ಜನರ ಮುಂದೆ ಹಾದು ಹೊರಗೆ ನಡೆದರು.

ತಮಾಷೆಗೆ ಅಂದೆ ಎಂದು ಅಪ್ಪ ಮನೆಯಲ್ಲಿ ಹೇಳಿದರು. ತಮಾಷೆಯೇ ಆಗಿದ್ದರೆ ಒಳ್ಳೆಯದಿತ್ತು. ಆದರೆ ನಾನು ಊಟಕ್ಕೆ ಕುಳಿತಾಗ, ಶಾಲೆಯ ಪಾಠ ಓದುವಾಗ, ತಲೆ ಎತ್ತಿದರೆ ಅಪ್ಪ ನನ್ನನ್ನೇ ನೋಡುತ್ತಿರುತ್ತಿದ್ದರು, ಅಂಚಿನ ಮೇಲೆ ಹೆಬ್ಬೆರಳು ಆಡಿಸುವಾಗ ನೋಡುತ್ತಿದ್ದ ಹಾಗೆ. ಹೊಡೆಯಲಿಲ್ಲ, ಬಯ್ಯಲಿಲ್ಲ. ಅಕ್ಕನಿಗೆ ಪುಸ್ತಕ ತಂದರೆ ನನಗೂ ತರುತ್ತಿದ್ದರು. ಜ್ವರ ಬಂದರೆ ಹೆಗಲ ಮೇಲೆ ಹೊತ್ತು ಡಾಕ್ಟರ ಹತ್ತಿರ ಓಡುತ್ತಿದ್ದರು. ಯಾವ ಕೊರತೆಯನ್ನೂ ಮಾಡದ ಮನುಷ್ಯ ನನ್ನನ್ನು ಒಂದೇ ಒಂದು ಸಲವೂ "ನನ್ನ ಮಗ" ಎಂದು ಯಾರಿಗೂ ಪರಿಚಯಿಸಲಿಲ್ಲ. "ಇವನು ನಮ್ಮ ಹುಡುಗ" ಎನ್ನುತ್ತಿದ್ದರು. ಕಾರ್ಖಾನೆಯವರು ದಾರಿಯಲ್ಲಿ ಸಿಕ್ಕರೆ, ಏನೋ ಹೊರಗಿನ ಮಾಲು, ಚೆನ್ನಾಗಿದ್ದೀಯಾ ಎಂದು ಪ್ರೀತಿಯಿಂದಲೇ ಮಾತಾಡಿಸುತ್ತಿದ್ದರು. ನನ್ನ ಚರ್ಮ ದಪ್ಪ, ಸಹಿಸಿಕೊಂಡೆ. ಅಮ್ಮ ಮಾತ್ರ ಅವತ್ತಿನಿಂದ ಯಾವ ಸಭೆಗೂ, ಯಾವ ಸಮಾರಂಭಕ್ಕೂ ಕಾಲಿಡಲಿಲ್ಲ. ಅಕ್ಕನಿಗೆ ಪದವಿ ಕೊಟ್ಟಾಗ ಬರಲಿಲ್ಲ. ನನ್ನ ಅಂಗಡಿ ಶುರುವಾದ ದಿನ ಜನರೆಲ್ಲ ಹೋದ ಮೇಲೆ ಬಂದು ನೋಡಿಕೊಂಡು ಹೋದರು. ಅರ್ಧ ಶತಮಾನವಾಯಿತು ಸಭಿಕರೇ. ಅಮ್ಮ ಒಂದು ಸಭೆಯಲ್ಲಿ ಕುಳಿತಿರುವುದು ಇವತ್ತೇ.

ಅಕ್ಕ, ನೀನು ಕರವಸ್ತ್ರ ಬಾಯಿಗೆ ಹಿಡಿದುಕೊಂಡಿದ್ದೀಯ. ನಿಲ್ಲಿಸು ಅನ್ನುತ್ತಿದ್ದೀಯೋ, ಹೇಳು ಅನ್ನುತ್ತಿದ್ದೀಯೋ, ಇಲ್ಲಿಂದ ತಿಳಿಯುತ್ತಿಲ್ಲ. ನಾನು ಹೇಳುತ್ತೇನೆ.

ಎರಡು ವರ್ಷದ ಹಿಂದೆ ಈ ಶಾಲೆಯಲ್ಲಿ ಪೋಷಕರ ದಿನ ನಡೆಯಿತಲ್ಲ, ಮಕ್ಕಳು ಏನು ಕಲಿಯುತ್ತಾರೆಂದು ದೊಡ್ಡವರೂ ಬಂದು ನೋಡಲಿ ಎಂದು. ಅವತ್ತು ಅಕ್ಕ ಅಪ್ಪನನ್ನು ಹಟ ಹಿಡಿದು ಲ್ಯಾಬಿಗೆ ಕರೆತಂದಳು. ನಾನೂ ಇದ್ದೆ, ಕಿತ್ತುಬಂದ ಟಿಚ್ ಬಟನ್ ಹೊಲಿದುಕೊಡಲು. ಜನ ಬಂದರು, ಹೋದರು. ಅಪ್ಪ ಮಕ್ಕಳ ಬೆಂಚಿನಲ್ಲಿ ಮಂಡಿ ಮಡಿಸಲಾಗದೆ ಅಡ್ಡಡ್ಡ ಕುಳಿತು ಬಟ್ಟೆಗಳನ್ನು ಮುಟ್ಟಿ ನೋಡುತ್ತಿದ್ದರು. ಅಕ್ಕ ಎರಡು ಚೀಲ ಅವರ ಮುಂದಿಟ್ಟಳು. ಒಂದು ಗಂಡನದು, ಒಂದು ಹೆಂಡತಿಯದು. ಪ್ರತಿ ಚೀಲದಲ್ಲೂ ಜೋಡಿಗಳು. "ತುಂಡು ಬದಲಾಯಿಸಿ, ಕಣ್ಣು ಮುಚ್ಚಿಕೊಂಡು ಜೋಡಿಗೊಂದು ತೆಗೆಯಿರಿ ಅಪ್ಪಾ. ಎರಡೂ ಚೀಲದಿಂದ ತೆಗೆದಿದ್ದು ಸೇರಿದರೆ ಒಂದು ಮಗು. ಆಮೇಲೆ ಎಲ್ಲಾ ವಾಪಸ್ ಹಾಕಿ, ಅಂಥದ್ದೇ ಇನ್ನೊಂದು ಮಗು ಮಾಡಿ ನೋಡೋಣ" ಎಂದಳು.

ಅಪ್ಪ ಮಾಡಿದರು. ಬೇರೆಯಾಯಿತು. ಮತ್ತೆ ಮಾಡಿದರು. ಮತ್ತೂ ಬೇರೆಯಾಯಿತು. ನಮ್ಮಪ್ಪನಿಗೆ ಹಟ ಬಂದರೆ ಊಟ ನಿದ್ದೆ ಇಲ್ಲ. ಕೋಣೆ ಖಾಲಿಯಾಯಿತು, ಬೀಗ ಹಾಕುವವನು ಬಂದು ಬಾಗಿಲಲ್ಲಿ ನಿಂತ, ಅಪ್ಪ ತಲೆ ಎತ್ತಲಿಲ್ಲ. ಕೊನೆಗೆ ಕೈ ಬಿಟ್ಟು, "ಮರಳಿನ ಅಚ್ಚು ನಾವೂ ಪ್ರತಿ ಸಲ ಒಡೀತೀವಿ. ಆದರೆ ಮರದ ಮಾದರಿ ಒಂದೇ ಇರುತ್ತಲ್ಲಮ್ಮ?" ಎಂದರು.

"ಇಲ್ಲಿ ಮಾದರೀನೇ ಪ್ರತಿ ಸಲ ಬಿಚ್ಚಿ ಹೊಸದಾಗಿ ಜೋಡಿಸೋದು ಅಪ್ಪಾ."

"ಯಾರು ಜೋಡಿಸೋದು?"

"ನಿಮ್ಮ ಮೈಯೊಳಗೇ ಆಗುತ್ತೆ. ನಿಮ್ಮ ಅಪ್ಪ ಕೊಟ್ಟಿದ್ದು, ನಿಮ್ಮ ಅಮ್ಮ ಕೊಟ್ಟಿದ್ದು, ಎರಡನ್ನೂ ಕಲಸಿ."

"ನನ್ನನ್ನ ಒಂದು ಮಾತು ಕೇಳದೇನಾ?"

ಅಕ್ಕ ನಗಲಿಲ್ಲ. "ಅಪ್ಪಾ, ನಿಮ್ಮಲ್ಲೂ ಅಮ್ಮನಲ್ಲೂ ಕಾಣದೆ ಅಡಗಿ ಕೂತಿದ್ದು ಮಕ್ಕಳಲ್ಲಿ ಎದ್ದು ಕಾಣಬಹುದು. ಅಂಥ ಕಣ್ಣು, ಅಂಥ ಕೂದಲು ಬರೋಕೆ ಸಾಮಾನ್ಯವಾಗಿ ಎರಡೂ ಕಡೆಯಿಂದ ಬರಬೇಕು. ಒಂದು ಕಡೆಯಿಂದ ಬಂದ್ರೆ ಸಾಲದು. ಮಕ್ಕಳು ಬೇರೆ ಬೇರೆ ಥರ ಇರೋದೇ ಸಹಜ. ಒಂದೇ ಥರ ಇದ್ದಿದ್ರೆ ಆಗ ನೀವು ಆಶ್ಚರ್ಯಪಡಬೇಕಿತ್ತು."

ಅಪ್ಪ ಚೀಲದೊಳಗೆ ಕೈಯಾಡಿಸಿ ಒಂದು ಗಿಡ್ಡ ನೀಲಿ ತುಂಡನ್ನು ಎತ್ತಿದರು. "ಇದಕ್ಕೇಕೆ ಗುಂಡಿ ಹಾಕಿಲ್ಲ? ಮರೆತಿದ್ದಾನೆ ನಿನ್ನ ತಮ್ಮ."

"ಮರೆತಿಲ್ಲ. ಗಂಡು ಮಗುವಿಗೆ ಮಾತ್ರ ಬರೋ ವರ್ಣತಂತು ಅದು. ತುದಿಯಲ್ಲಿ ಚೂರು ಬಿಟ್ರೆ ಅದು ಅದಲುಬದಲಾಗಲ್ಲ. ಅಪ್ಪನಿಂದ ಮಗನಿಗೆ ಹೆಚ್ಚುಕಡಿಮೆ ಹಾಗೇ ಹೋಗುತ್ತೆ. ನಿಮ್ಮಪ್ಪ ನಿಮಗೆ ಕೊಟ್ರು. ನಾನು ನಿಮ್ಮ ಅಚ್ಚು ಅಂತ ಊರೆಲ್ಲ ಹೇಳ್ತಾರೆ, ನನಗೆ ನೀವು ಇದನ್ನ ಕೊಟ್ಟಿಲ್ಲ. ಇವನಿಗೆ ಕೊಟ್ಟಿದ್ದೀರಿ."

ಅಪ್ಪ ಆ ತುಂಡಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ, "ಇದಕ್ಕೆ ಸಾಕ್ಷಿ?" ಎಂದರು, ಕಾರ್ಖಾನೆಯ ದನಿಯಲ್ಲಲ್ಲ, ಕೇಳಿಸಿಯೂ ಕೇಳಿಸದ ಹಾಗೆ.

ಅಕ್ಕನ ಮೂಗಿನ ಹೊಳ್ಳೆ ಅರಳಿತು. "ಈ ಬಟ್ಟೆ ಸಾಕ್ಷಿ ಅಲ್ಲ ಅಪ್ಪಾ. ಬೇಕಾದ್ರೆ ಇವತ್ತು ಪರೀಕ್ಷೆ ಇದೆ, ಮಾಡಿಸಬಹುದು. ಆದರೆ ಸಾಕ್ಷಿ ಕೇಳೋಕೆ ಅಮ್ಮ ನಿಮಗೆ ಏನು ಕಾರಣ ಕೊಟ್ಟಿದ್ರು? ಇವನ ಕಣ್ಣಿನ ಬಣ್ಣ ಬಿಟ್ರೆ ಇನ್ನೇನಿತ್ತು?"

ಅಪ್ಪ ಆ ಗಿಡ್ಡ ತುಂಡನ್ನು ಜೇಬಿಗೆ ಹಾಕಿಕೊಂಡು ಎದ್ದರು. ಅದು ಶಾಲೆಯ ಆಸ್ತಿ. ಅಕ್ಕ ಮರುದಿನ ನನ್ನಿಂದ ಇನ್ನೊಂದು ಹೊಲಿಸಿ ಬೀರುವಿನಲ್ಲಿಟ್ಟಳು, ಹೆಡ್‌ಮಾಸ್ಟರು ಇದನ್ನು ಇವತ್ತು ಮರೆತುಬಿಡಬೇಕೆಂದು ಕೇಳಿಕೊಳ್ಳುತ್ತೇನೆ.

ಅಪ್ಪನನ್ನು ಮನೆಗೆ ಬಿಡಲು ನಾನೂ ಹೋದೆ. ಅಮ್ಮ ಒಲೆಯ ಮುಂದಿದ್ದರು. ಅಪ್ಪ ಚಪ್ಪಲಿ ಕೂಡ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅವತ್ತು ನಾನು ಹೇಳಿದ್ದು ತಪ್ಪಾಯ್ತು ಕಣೇ" ಎಂದರು.

ಅಮ್ಮ ತಿರುಗಲಿಲ್ಲ. "ಯಾವತ್ತು?"

"ಅವತ್ತು. ಕಾರ್ಖಾನೇಲಿ."

"ಏನು ಹೇಳಿದ್ರಿ?"

ಅಮ್ಮನಿಗೆ ಮರೆತಿತ್ತೇ? ಒಂದಕ್ಷರವೂ ಮರೆತಿರಲಿಲ್ಲ. ಅಪ್ಪನ ಬಾಯಿಂದ ಪೂರ್ತಿ ಹೇಳಿಸಿದರು. ಹೇಳಿ ಮುಗಿದ ಮೇಲೆ ಒಲೆ ಆರಿಸಿ, ಕೈ ಒರೆಸಿಕೊಂಡು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ನೀವು ಒಪ್ಪಿಕೊಂಡ್ರಲ್ಲ, ಸಂತೋಷ. ಆದರೆ ಮೈಕಿನಲ್ಲಿ ಹೇಳಿದ್ದನ್ನ ಅಡುಗೆಮನೇಲಿ ವಾಪಸ್ ತಗೊಳ್ಳೋಕೆ ಆಗಲ್ಲ ರೀ. ಜನರ ಮುಂದೆ ಹೇಳಿದ್ದು. ಜನರ ಮುಂದೆಯೇ ಹೇಳಬೇಕು."

ಅಪ್ಪ ಒಪ್ಪಿದರು. ಕಾರ್ಖಾನೆಯಲ್ಲಿ ನಿವೃತ್ತ ಕೆಲಸಗಾರರ ಕೂಟ ವರ್ಷಕ್ಕೊಮ್ಮೆ ಸೇರುತ್ತದೆ. ಅಲ್ಲಿ ಹೇಳುತ್ತೇನೆ ಎಂದರು. ಅದಕ್ಕೊಂದು ಅಂಗಿ ಬೇಕೆಂದು ನನ್ನ ಅಂಗಡಿಗೆ ಬಂದರು. ಇಷ್ಟು ವರ್ಷ ರೆಡಿಮೇಡ್ ಹಾಕಿಕೊಂಡ ಮನುಷ್ಯ ಮೊದಲ ಸಲ ನನ್ನ ಮುಂದೆ ಕೈ ಅಗಲಿಸಿ ನಿಂತು, "ಅಳತೆ ತಗೋ" ಎಂದರು. ತೆಗೆದೆ. ಎಡ ಭುಜ ಬಲಕ್ಕಿಂತ ಒಂದು ಬೆರಳು ಇಳಿದಿತ್ತು. ನನ್ನದೂ ಹಾಗೇ ಇದೆ, ನನ್ನ ಕೋಟಿಗೆ ಎಡಗಡೆ ಯಾವಾಗಲೂ ಸ್ವಲ್ಪ ಹತ್ತಿ ಹೆಚ್ಚು ತುಂಬಿಕೊಳ್ಳುತ್ತೇನೆ. ಸಂತೋಷ ತಡೆಯಲಾರದೆ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ, "ಅವರದು ಕರಗಿದ ಲೋಹ ಹೊತ್ತು ಹೊತ್ತು ಇಳಿದಿದ್ದು. ನಿಂದು ಬಗ್ಗಿ ಬಗ್ಗಿ ಹೊಲಿದು ಇಳಿದಿದ್ದು. ಇದರಲ್ಲಿ ವರ್ಣತಂತುವಿನ ಪಾತ್ರ ಏನೂ ಇಲ್ಲ. ಸುಮ್ಮನೆ ಹೋಲಿಕೆ ಹುಡುಕ್ತಾ ಕೂರಬೇಡ" ಎಂದು ಫೋನಿಟ್ಟಳು. ಬಟಾಣಿ ಟೀಚರಿಗೆ ಕರುಣೆಯಿಲ್ಲ.

ಆಮೇಲೆ ಅಪ್ಪ ದಿನಾ ಸಂಜೆ ಅಂಗಡಿಗೆ ಬರತೊಡಗಿದರು. ನನ್ನ ಟ್ರಯಲ್ ಕನ್ನಡಿಯ ಮುಂದೆ ನಿಂತು ಭಾಷಣ ಅಭ್ಯಾಸ ಮಾಡುತ್ತಿದ್ದರು. "ಸಭಿಕರೇ" ಎಂದು ಕಾಲರು ಸರಿಮಾಡಿಕೊಂಡು, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು. ಗಿರಾಕಿಗಳು ಬಂದರೆ ಗುಂಡಿ ಹಾಕಿಕೊಳ್ಳುವ ಹಾಗೆ ನಟಿಸುತ್ತಿದ್ದರು. ನಾನು ಹೊಲಿಗೆ ಮೆಷಿನ್ ನಿಲ್ಲಿಸದೆ ಕೇಳುತ್ತಿದ್ದೆ, ನಿಲ್ಲಿಸಿದರೆ ಅವರೂ ನಿಲ್ಲಿಸುತ್ತಿದ್ದರು. ಒಂದು ಜಾಗದಲ್ಲಿ ಯಾವಾಗಲೂ ಸಿಕ್ಕಿಕೊಳ್ಳುತ್ತಿದ್ದರು. ಒಂದು ದಿನ ಅದನ್ನೂ ದಾಟಿ ಕೊನೆಯವರೆಗೆ ಹೇಳಿದರು. ಹೇಳಿ, ಕನ್ನಡಿಯಲ್ಲೇ ನನ್ನನ್ನು ನೋಡಿ, "ಪರವಾಗಿಲ್ವೇನೋ?" ಎಂದರು. "ಚೆನ್ನಾಗಿದೆ ಅಪ್ಪಾ" ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನಿಂದ ಆಗಲಿಲ್ಲ. ಬಾಯಲ್ಲಿ ಗುಂಡುಸೂಜಿ ಇರಲಿಲ್ಲ, ಆದರೂ ಆಗಲಿಲ್ಲ.

ಕೂಟಕ್ಕೆ ಮೊದಲೇ ಅಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಮಾತು ಹೋಯಿತು. ಕೇಳಿಸುತ್ತದೆ, ಎಲ್ಲ ಅರ್ಥವಾಗುತ್ತದೆ, ಹೇಳಲಾಗುವುದಿಲ್ಲ. ಅಮ್ಮ ತುತ್ತು ಮಾಡಿ ಉಣ್ಣಿಸುತ್ತಾರೆ, ಮುಖ ಒರೆಸುತ್ತಾರೆ, ರಾತ್ರಿ ಎದ್ದು ಮಗ್ಗುಲು ಬದಲಾಯಿಸುತ್ತಾರೆ. ಆ ಮಾತಿನ ಬಗ್ಗೆ ಮತ್ತೆ ಕೇಳಿಲ್ಲ. ಆದರೆ ಅಮ್ಮನಿಗೆ ಅದು ಸಿಕ್ಕಿಲ್ಲ. ಅಪ್ಪನಿಗೂ ಗೊತ್ತು. ನಾನು ಹತ್ತಿರ ಕುಳಿತಾಗೆಲ್ಲ ಎಡಗೈಯಿಂದ ನನ್ನ ಬಾಯಿ ಮುಟ್ಟಿ, ಆಮೇಲೆ ಅಮ್ಮನ ಕಡೆ ತೋರಿಸುತ್ತಾರೆ. ಏನು ಹೇಳುತ್ತಿದ್ದಾರೆಂದು ತಿಳಿಯಲು ನನಗೆ ತಿಂಗಳುಗಳು ಬೇಕಾದವು. ಅಕ್ಕನಿಗೆ ನೋಡಿದ ದಿನವೇ ತಿಳಿಯಿತು. ಅದಕ್ಕೇ ಅವಳು ಹೆಡ್‌ಮಾಸ್ಟರ ಗಡಿಯಾರ ಬೇಡವೆಂದದ್ದು. ತನ್ನ ಬೀಳ್ಕೊಡುಗೆಯ ಸಭೆಯನ್ನೇ ಅವಳು ಅಮ್ಮನಿಗೆ ಕೊಟ್ಟಿದ್ದಾಳೆ. ಅಕ್ಕನ ಬಗ್ಗೆ ಇದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಗೊತ್ತಿಲ್ಲ.

ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿ ಕುಳಿತವರು ನಮ್ಮ ಅಪ್ಪ. ಪಕ್ಕದಲ್ಲಿರುವವರು ನಮ್ಮ ಅಮ್ಮ. ಕಾರ್ಖಾನೆಯ ಹಳೆಯ ಕೆಲಸಗಾರರೂ ಒಂದಷ್ಟು ಜನ ಬಂದಿದ್ದೀರಿ, ನಾನೇ ಮನೆಮನೆಗೆ ಹೋಗಿ ಕರೆದಿದ್ದೆ. ಅಪ್ಪ ಕನ್ನಡಿಯ ಮುಂದೆ ಹೇಳಿದ್ದನ್ನು ಅವರ ಮಾತಿನಲ್ಲೇ ಹೇಳುತ್ತೇನೆ. ಸರಿಯಾ ಅಪ್ಪಾ? ತಲೆಯಾಡಿಸಿದರು, ಸರಿಯಂತೆ.

"ಸಭಿಕರೇ. ನಾನು ಅಚ್ಚು ಕಟ್ಟುತ್ತಿದ್ದವನು. ಬಹಳ ವರ್ಷದ ಹಿಂದೆ ಮೈಕಿನಲ್ಲಿ ನನ್ನ ಮಗನನ್ನ ಹೊರಗಿನ ಮಾಲು ಅಂದೆ. ನೀವೆಲ್ಲ ನಕ್ಕಿರಿ. ತಮಾಷೆಗೆ ಅಂದೆ ಅಂತ ಹೇಳ್ಕೊಂಡು ಬಂದೆ. ತಮಾಷೆ ಅಲ್ಲ. ನನಗೆ ಅನುಮಾನ ಇತ್ತು. ಆ ಅನುಮಾನಕ್ಕೆ ಕಾರಣ ಇರಲಿಲ್ಲ. ನನ್ನ ಹೆಂಡತಿ ಯಾವ ತಪ್ಪೂ ಮಾಡಿಲ್ಲ. ತಪ್ಪು ನಂದು. ಅವನು ನನ್ನ ಮಗ."

ಇಷ್ಟೇ ಅಪ್ಪನ ಭಾಷಣ.

ಅಮ್ಮ ಕೈ ಎತ್ತಿದ್ದಾರೆ. ಏನಮ್ಮಾ? ಹಿಂದಿನ ಸಾಲಿನವರಿಗೆ ಸರಿಯಾಗಿ ಕೇಳಿಸಿಲ್ಲವಂತೆ. ನನ್ನ ದನಿ ಕೊನೆಯಲ್ಲಿ ಕುಗ್ಗಿಹೋಯಿತಂತೆ. ಕ್ಷಮಿಸಬೇಕು. ಜೋರಾಗಿ ಹೇಳುತ್ತೇನೆ.

"ನನ್ನ ಹೆಂಡತಿ ಯಾವ ತಪ್ಪೂ ಮಾಡಿಲ್ಲ. ತಪ್ಪು ನಂದು. ಅವನು ನನ್ನ ಮಗ."

ಹಿಂದಿನವರೇ, ಈಗ ಕೇಳಿಸಿತೇ? ಕೇಳಿಸಿದವರು ದಯವಿಟ್ಟು ಕೈ ಎತ್ತಿ. ಅಮ್ಮ ತಿರುಗಿ ನೋಡುತ್ತಿದ್ದಾರೆ. ಇನ್ನೂ ಸ್ವಲ್ಪ ಹೊತ್ತು ಎತ್ತಿಕೊಂಡಿರಿ, ಅವರು ಕೊನೆಯ ಸಾಲಿನವರೆಗೂ ನೋಡಿ ಮುಗಿಸಲಿ. ಅಪ್ಪನೂ ಎತ್ತಿದ್ದಾರೆ, ಎಡಗೈ.

ಈ ಮೈಕು ಕೊಟ್ಟ ಶಾಲೆಗೆ, ಈ ದಿನ ಕೊಟ್ಟ ಅಕ್ಕನಿಗೆ, ಕೈ ಎತ್ತಿದ ನಿಮ್ಮೆಲ್ಲರಿಗೆ ನಾನು ಋಣಿ. ಅಮ್ಮ ಸಾಕು ಅನ್ನುತ್ತಿದ್ದಾರೆ, ಕೈ ಇಳಿಸಬಹುದು. ನಮಸ್ಕಾರ.